ಯಕ್ಷಗಾನದ ಹವ್ಯಾಸಿ ವೇಷಧಾರಿಗಳೇ, ಹಗಲು ಹೊತ್ತು ನಿಮ್ಮ ಕೆಲಸ ಏನು?

ಬದಿಯಡ್ಕದ ಮಾಮ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡಿನ ಕಡೆ ರಾತ್ರಿ ಯಕ್ಷಗಾನ ಆಟದ ರಂಗಸ್ಥಳದಲ್ಲಿ ಅರ್ಜುನ ಆದವರು ಬೆಳಗ್ಗೆ ಏನಾಗಿರುತ್ತಾರೆ ಅಂತ ಒಂದು ಲೆಕ್ಕ ಬೇಕಿತ್ತು. ತಮಾಷೆಗಲ್ಲ, ಕಾರಣ ಉಂಟು. ನನ್ನ ಅಕ್ಕನ ಮಗ ಈ ವರ್ಷ ಬಿ.ಕಾಂ. ಮುಗಿಸಿದ. ಸಣ್ಣವನಿದ್ದಾಗಲೇ ಗೆಜ್ಜೆ ಕಟ್ಟಿದವನು. ಪುಂಡು ವೇಷ, ಅಂದರೆ ಅಭಿಮನ್ಯುವಿನಂಥ ಎಳೆ ವೀರರ ಪಾತ್ರ, ಚೆನ್ನಾಗಿ ಮಾಡುತ್ತಾನೆ, ಹಾರಿ ತಿರುಗುವ ದಿಗಿಣಕ್ಕೆ ಜನ ಶಿಳ್ಳೆ ಹಾಕುತ್ತಾರೆ. ಈಗ ವೃತ್ತಿ ಕಲಾವಿದನಾಗಿ ಮೇಳಕ್ಕೆ ಸೇರುತ್ತೇನೆ ಅಂತ ಹಟ ಹಿಡಿದು ಕೂತಿದ್ದಾನೆ. ಅಕ್ಕ ಬೇಡವೇ ಬೇಡ ಅನ್ನುತ್ತಾಳೆ. ಭಾವ ಮಾತೇ ಆಡುವುದಿಲ್ಲ. ಪಂಚಾಯ್ತಿಗೆ ನನ್ನನ್ನು ಕರೆದರು.

ಒಂದು ಕೆಲಸ ಹಿಡಿ, ವೇಷವನ್ನೂ ಬಿಡಬೇಡ ಅಂದೆ. "ಯಾವ ಕೆಲಸ ಹಿಡಿದರೆ ವೇಷ ಉಳಿಯುತ್ತದೆ, ನೀವೇ ಹೇಳಿ ಮಾವ" ಅಂದ. ನಾನು ಬಣ್ಣ ಹಚ್ಚುವ ಚೌಕಿಯೊಳಗೆ ಕಾಲಿಟ್ಟವನಲ್ಲ, ಎದುರು ಕುರ್ಚಿಯಲ್ಲಿ ಕೂತು ನೋಡುವವನು. ಏನು ಹೇಳಲಿ? ಹಾಗಾಗಿ ಇಲ್ಲಿರುವ ಹವ್ಯಾಸಿಗಳು ಸಂಕೋಚ ಬಿಟ್ಟು ಹೇಳಿ. ಹೊಟ್ಟೆಪಾಡಿಗೆ ಏನು ಮಾಡುತ್ತೀರಿ? ರಜೆ ಹೇಗೆ ಸಿಗುತ್ತದೆ? ನಿದ್ದೆ ಯಾವಾಗ?

ಸೊಸೈಟಿ ಕೌಂಟರ್:
ನಾನು ಸಹಕಾರಿ ಬ್ಯಾಂಕಿನ ಕ್ಯಾಷಿಯರ್. ಮಾಡುವುದು ಸ್ತ್ರೀ ವೇಷ. ಕೆಲಸ ಒಳ್ಳೆಯದೇ, ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ. ಕಷ್ಟ ಇರುವುದು ಬಣ್ಣದಲ್ಲಿ. ಆಟ ಮುಗಿದು ತೆಂಗಿನೆಣ್ಣೆ ಹಚ್ಚಿ, ಹಳೆ ಪಂಚೆಯಲ್ಲಿ ಉಜ್ಜಿ, ಮನೆಗೆ ಬಂದು ಎರಡು ಸಲ ಸೋಪು ಹಾಕಿದರೂ ಕಣ್ಣಿನ ಅಂಚಿನ ಕಾಡಿಗೆ ಹೋಗುವುದಿಲ್ಲ. ಹುಬ್ಬಿನ ಸಂದಿಯಲ್ಲಿ ಬಿಳಿ ಬಣ್ಣದ ಸಫೇತ ಕೂತಿರುತ್ತದೆ. 10 ಗಂಟೆಗೆ ಕೌಂಟರಿನ ಗಾಜಿನ ಹಿಂದೆ ಅದೇ ಮುಖ.

ಒಮ್ಮೆ ಚಿನ್ನ ಅಡವಿಡಲು ಬಂದ ಅಜ್ಜಿ ನನ್ನ ಮುಖವನ್ನೇ ನೋಡಿದರು, ನೋಡಿದರು, "ನಿನ್ನೆ ದಮಯಂತಿ ನೀನಾ ಮಗಾ? ಅಷ್ಟು ಅತ್ತವನು ಬಡ್ಡಿ ಸ್ವಲ್ಪ ಕಡಿಮೆ ಮಾಡು" ಅಂದರು. ಮ್ಯಾನೇಜರ್ ಕೂಡ ನಕ್ಕರು. ಬಡ್ಡಿ ಕಡಿಮೆ ಆಗಲಿಲ್ಲ.

ಶನಿವಾರ ರಾತ್ರಿಯ ಆಟ ಆದರೆ ಸುಖ. ವಾರದ ನಡುವೆ ಆದರೆ ಮರುದಿನ ನೋಟು ಎಣಿಸುವಾಗ ಎದೆ ಢವಢವ. ಕಾಲಮಿತಿ ಆಟ ಜಾಸ್ತಿ ಆದ ಮೇಲೆ ನಮ್ಮಂಥವರಿಗೆ ಜೀವ ಬಂತು. ಮಧ್ಯರಾತ್ರಿಗೆ ಮಂಗಳ ಆದರೆ ನಾಲ್ಕು ಗಂಟೆ ನಿದ್ದೆಯಾದರೂ ಸಿಗುತ್ತದೆ. ಬೆಳಗಿನವರೆಗೆ ಆಟ ಆಗಬೇಕು ಅನ್ನುವ ಹಿರಿಯರಿಗೆ ಸಿಟ್ಟು ಬರಬಹುದು, ಬರಲಿ. ಅವರು ಮರುದಿನ ಮಲಗಬಹುದು, ನಾನು ಕ್ಯಾಶ್ ತಾಳೆ ಮಾಡಬೇಕು.

ಪೆರ್ಲದ ತೋಟ:
ಮಾಮ, ನಿಮ್ಮ ಅಳಿಯನಿಗೆ ತೋಟ ಉಂಟಾ? ಇದ್ದರೆ ಅರ್ಧ ಸಮಸ್ಯೆ ಇಲ್ಲ. ಇಲ್ಲದಿದ್ದರೆ ಈಗ ತೆಗೆದುಕೊಳ್ಳಿ ಅಂತ ನಾನು ಹೇಳುವುದಿಲ್ಲ.

ನಾನು ಅಡಿಕೆಯವನು. ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಪಾತ್ರದ ಮಾತು ಆಡುವ ಕೂಟದಲ್ಲಿ, ಅರ್ಥ ಹೇಳುತ್ತೇನೆ, ಅಪರೂಪಕ್ಕೆ ವೇಷ. ಕೃಷಿಕನಿಗೆ ರಜೆ ಕೊಡಲು ಮೇಲಧಿಕಾರಿ ಇಲ್ಲ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಇದ್ದಾನೆ, ಮಳೆ ಅಂತ ಅವನ ಹೆಸರು. ತಾಳಮದ್ದಳೆ ಜೋರಾಗುವುದು ಯಾವಾಗ? ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ. ಅಡಿಕೆಗೆ ಕೊಳೆರೋಗ ಬರುವುದೂ ಅದೇ ಮಳೆಗಾಲದಲ್ಲಿ. ಮಳೆ ಹಿಡಿಯುವ ಮೊದಲು ಒಂದು ಸಲ ಮದ್ದು ಬಿಡಬೇಕು, 40–45 ದಿನ ಕಳೆದು ಇನ್ನೊಂದು ಸಲ. ಆ ಎರಡನೇ ಸಲ ನೋಡಿ ನಮ್ಮ ಪ್ರಾಣ ತೆಗೆಯುವುದು. 50 ಲೀಟರ್ ನೀರಲ್ಲಿ 1 ಕಿಲೋ ಮೈಲುತುತ್ತು, ಇನ್ನೊಂದು 50 ಲೀಟರಿನಲ್ಲಿ 1 ಕಿಲೋ ಸುಣ್ಣ. ಎರಡನ್ನೂ ಬೆರೆಸಿ ಅದಕ್ಕೆ ಕತ್ತಿಯ ಅಲಗು ಅದ್ದಿ ನೋಡುತ್ತೇವೆ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಇಷ್ಟೆಲ್ಲ ಮಾಡಿ ಕೂತರೆ ಆಕಾಶ ಬಿಡುವುದಿಲ್ಲ. ಮದ್ದು ಬಿಡುವವರೂ ಮೂರು ತೋಟಕ್ಕೆ ಮಾತು ಕೊಟ್ಟಿರುತ್ತಾರೆ.

ಹೋದ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ನನಗೆ ಕರ್ಣನ ಅರ್ಥ ಇತ್ತು. ಒಂದು ವಾರದಿಂದ ಸುರಿದ ಮಳೆ ಅದೇ ದಿನ ಮಧ್ಯಾಹ್ನ ಬಿಟ್ಟಿತು. ಮದ್ದಿನವರು ಬಂದು ನಿಂತರು. ಸಂಜೆ 5ಕ್ಕೆ ಕೂಟ. ಕೊನೆಗೆ ಕೈಯೆಲ್ಲ ನೀಲಿ ಮಾಡಿಕೊಂಡು ಹೋಗಿ ಕೂತೆ. ಎದುರಿನ ಕೃಷ್ಣ ಬಿಡುತ್ತಾರಾ? "ಕವಚ ಕುಂಡಲ ಕೊಟ್ಟ ಕೈ ಇಷ್ಟು ನೀಲಿ ಯಾಕೆ ಕರ್ಣ? ನನ್ನ ಬಣ್ಣವನ್ನೂ ದಾನ ತೆಗೆದುಕೊಂಡೆಯಾ?" ಅಂದುಬಿಟ್ಟರು. ಸಭೆ ಬಿದ್ದು ಬಿದ್ದು ನಕ್ಕಿತು.

ಆದಾಯದ ಮಾತು ಬಂದರೆ, ರೇಟು ಇದ್ದ ವರ್ಷ ರಾಜ, ಇಲ್ಲದ ವರ್ಷ ಕೋಡಂಗಿ. ಈಗ ಎಲೆಚುಕ್ಕಿ ರೋಗ ಬೇರೆ. ಒಂದು ಮಾತು ಮಾತ್ರ ನಿಜ. ಅಡಿಕೆಗೆ ದರ ಬಂದ ವರ್ಷ ಹರಕೆ ಆಟವೂ ಜಾಸ್ತಿ, ಸಂಘದ ವಾರ್ಷಿಕೋತ್ಸವಕ್ಕೆ ಬರುವ ಚಂದಾ ಕೂಡ ಜಾಸ್ತಿ. ನಮ್ಮ ಕಲೆ ಅರ್ಧ ನಿಂತಿರುವುದೇ ಸಿಪ್ಪೆಗೋಟು ಅಡಿಕೆಯ ಮೇಲೆ.

ಉಪ್ಪಳದ ಅಕ್ಕ:
ಎಲ್ಲ ಗಂಡಸರೇ ಬರೆದಿದ್ದೀರಿ. ನಮ್ಮದೊಂದು ಮಹಿಳಾ ತಂಡ ಉಂಟು, ಅದರಲ್ಲಿ ಅರ್ಧ ಜನ ಬೀಡಿ ಕಟ್ಟುವವರು. ನಾನೂ ಅವರಲ್ಲೊಬ್ಬಳು. ಮಡಿಲಲ್ಲಿ ತಡ್ಪೆ (ಮೊರ), ಪಕ್ಕದಲ್ಲಿ ಮೊಬೈಲು. ಕೈ ಎಲೆ ಸುತ್ತುತ್ತಾ ಇರುತ್ತದೆ, ಕಿವಿ ಪದ್ಯ ಕೇಳುತ್ತದೆ, ಬಾಯಿ ಅರ್ಥ ಹೇಳುತ್ತದೆ. ಆಫೀಸಿನಲ್ಲಿ ಕೂತವರಿಗೆ ಈ ಭಾಗ್ಯ ಇಲ್ಲ. ನನ್ನ ಮಹಿಷಾಸುರನ ಮಾತು ಪೂರಾ ಬಾಯಿಪಾಠ ಆದದ್ದು ಬೀಡಿ ಎಲೆ ಕತ್ತರಿಸುತ್ತಲೇ. ಪಕ್ಕದ ಮನೆಯವರು ಮೊದಮೊದಲು ಜಗಳ ಆಗುತ್ತಿದೆ ಅಂತ ಓಡಿ ಬರುತ್ತಿದ್ದರು.

ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಅಭ್ಯಾಸಕ್ಕೆ ಹೋದ ದಿನ ಅಷ್ಟು ಬೀಡಿ ಕಡಿಮೆ, ಅಷ್ಟು ಹಣ ಕಡಿಮೆ. ಹಾಗಾಗಿ ನಮ್ಮ ಅಭ್ಯಾಸ ಭಾನುವಾರ ಮಧ್ಯಾಹ್ನ ಮಾತ್ರ, ಊಟ ಆಗಿ ಪಾತ್ರೆ ತೊಳೆದ ಮೇಲೆ. ನಿಮಗೆ ರಜೆ ಕೊಡಬೇಕಾದದ್ದು ಮ್ಯಾನೇಜರ್ ಒಬ್ಬರೇ. ನಮಗೆ ಅತ್ತೆ, ಗಂಡ, ಮಕ್ಕಳ ಪರೀಕ್ಷೆ, ದನದ ಕರು ಎಲ್ಲರೂ ಕೊಡಬೇಕು.

ಎರಡನೇ ಸಾಲಿನ ಕುರ್ಚಿ:
ಅಕ್ಕಾ, ದನದ ಕರು ರಜೆ ಮಂಜೂರು ಮಾಡುವುದು ಬಹಳ ಕಷ್ಟ.

ಕುಂಬಳೆ ಪ್ಯಾಸೆಂಜರ್:
ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಮನೆ ಕುಂಬಳೆ. ಬೆಳಗ್ಗೆ ರೈಲಿಗೆ ಹತ್ತಿದರೆ ಉಪ್ಪಳ, ಮಂಜೇಶ್ವರ, ಉಳ್ಳಾಲ ದಾಟುವಷ್ಟರಲ್ಲಿ ಒಂದು ಪ್ರಸಂಗದ (ಆಟದ ಕಥೆಯ) ಪದ್ಯ ಎರಡು ಸಲ ಓದಿ ಆಗುತ್ತದೆ. ನಾನು ಮದ್ದಳೆಯವನು, ಬೆರಳು ಸುಮ್ಮನೆ ಇರುವುದಿಲ್ಲ. ಬ್ಯಾಗಿನ ಮೇಲೆ ಬಾರಿಸುತ್ತಾ ಇರುತ್ತೇನೆ. ಎದುರು ಸೀಟಿನವರು ಮಲಯಾಳದಲ್ಲಿ ಬೈದದ್ದೂ ಉಂಟು, ತಾಳ ಹಾಕಿದ್ದೂ ಉಂಟು.

ಶಿಫ್ಟಿನ ಕೆಲಸ ಹವ್ಯಾಸಿಗೆ ಒಳ್ಳೆಯದು ಅಂತ ನನ್ನ ಅನಿಸಿಕೆ. ಆಟ ಇದ್ದ ರಾತ್ರಿ ಯಾರದಾದರೂ ಜತೆ ಡ್ಯೂಟಿ ಬದಲಿಸಿಕೊಳ್ಳಬಹುದು. ಬದಲಿಗೆ ಅವರ ಓಣಂ, ಕ್ರಿಸ್‌ಮಸ್ ಡ್ಯೂಟಿ ನಾವು ಮಾಡಬೇಕು, ಅಷ್ಟೆ. ಆದರೆ ಕೇರಳ–ಕರ್ನಾಟಕ ಗಡಿ ದಾಟಿ ಕೆಲಸಕ್ಕೆ ಹೋಗುವವನು ಒಂದು ನೆನಪಿಟ್ಟುಕೊಳ್ಳಬೇಕು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಕೆಲಸ ಅತ್ತ, ಮನೆ ಇತ್ತ. ಆಗ ನಮಗೆ ಉಳಿದದ್ದು ಮೊಬೈಲಿನ ತಾಳಮದ್ದಳೆ. ಪದ್ಯ ಹಾಡುವ ಭಾಗವತರ ತಾಳ ಒಂದು ಕಡೆ, ನನ್ನ ಪೆಟ್ಟು ಅರ್ಧ ಸೆಕೆಂಡು ತಡ. ಎಲ್ಲರ ಮದ್ದಳೆಯೂ ಕುಡಿದಂತೆ ಕೇಳುತ್ತಿತ್ತು.

ಗಲ್ಫ್ ಪುಂಡು:
ದುಬೈಯಿಂದ. ಕಟ್ಟಡ ಕಂಪನಿಯಲ್ಲಿ ಸ್ಟೋರ್ ಕೀಪರ್. ಇಲ್ಲಿ ನಮ್ಮ ಕಡೆಯ ತೆಂಕುತಿಟ್ಟು ಶೈಲಿ ಕಲಿಸುವವರಿದ್ದಾರೆ, ಕಲಿಯುವ ಮಕ್ಕಳೂ ಇದ್ದಾರೆ. ಮೊದಲು ಶುಕ್ರವಾರ ಅಭ್ಯಾಸ ಇತ್ತು. 2022ರಿಂದ ವಾರದ ರಜೆ ಶನಿವಾರ–ಭಾನುವಾರಕ್ಕೆ ಬಂದ ಮೇಲೆ ಎಲ್ಲ ಅದಲು ಬದಲು. ಆದರೆ ನನ್ನಂಥ ಕಂಪನಿಗಳಲ್ಲಿ ಶನಿವಾರವೂ ಕೆಲಸ ಇರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಊರಿಗೆ ರಜೆ ಹಾಕುವಾಗ ಎಲ್ಲರೂ ಅಮ್ಮನನ್ನು ನೋಡಲು ಅನ್ನುತ್ತಾರೆ. ನಾನು ಆಟದ ತಾರೀಕು ನೋಡಿ ಟಿಕೆಟ್ ಮಾಡುತ್ತೇನೆ. ಅಮ್ಮ ಆಟಕ್ಕೆ ಬರುತ್ತಾರೆ, ಅಲ್ಲೇ ಸಿಗುತ್ತಾರೆ.

ಮೇಳದವ:
ಓದುತ್ತಾ ಇದ್ದೆ. ಸುಮ್ಮನೆ ಇರೋಣ ಅಂದುಕೊಂಡೆ, ಆಗಲಿಲ್ಲ.

ನಾನು ಮೇಳದ ಕಲಾವಿದ. ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟರೆ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯವರೆಗೆ, ನಮಗೆ ರಾತ್ರಿ ಅಂದರೆ ರಂಗಸ್ಥಳ. ನೀವೆಲ್ಲ ಹಗಲಿನ ಕೆಲಸದ ಕಷ್ಟ ಹೇಳಿದ್ದೀರಿ. ಸರಿ. ಆದರೆ ನೀವು ಸಂಬಳ ಕಿಸೆಯಲ್ಲಿಟ್ಟುಕೊಂಡು ಪುಕ್ಕಟೆ ವೇಷ ಮಾಡಿದರೆ ಅದರ ಪೆಟ್ಟು ಯಾರಿಗೆ? ಮಳೆಗಾಲದಲ್ಲಿ ಒಂದು ಸಂಘದವರು ನಮ್ಮನ್ನು ಕರೆಯುತ್ತಿದ್ದರು. ಈಗ "ನಮ್ಮಲ್ಲೇ ಹುಡುಗರಿದ್ದಾರೆ, ಅವರು ದುಡ್ಡು ಕೇಳುವುದಿಲ್ಲ" ಅನ್ನುತ್ತಾರೆ. ಕೇಳುವುದಿಲ್ಲ ಮಾತ್ರ ಅಲ್ಲ, ಕೆಲವರು ಕೈಯಿಂದ ಕೊಟ್ಟು ಪಾತ್ರ ತೆಗೆದುಕೊಳ್ಳುತ್ತಾರೆ. "ಆಟದ ಖರ್ಚು ನಾನು ಹಾಕುತ್ತೇನೆ, ಅಭಿಮನ್ಯು ನನಗೇ ಇರಲಿ" ಅನ್ನುತ್ತಾರೆ. ಹೊಟ್ಟೆ ಬಂದ ಅಭಿಮನ್ಯು!

ಮಾಮ, ನಿಮ್ಮ ಅಕ್ಕನಿಗೆ ಮೇಳ ಅಂದರೆ ಯಾಕೆ ಹೆದರಿಕೆ ಅಂತ ನನಗೆ ಗೊತ್ತು. ಹೆಣ್ಣು ಕೊಡುವಾಗ "ಹುಡುಗ ಮೇಳದಲ್ಲಾ? ಮಳೆಗಾಲದಲ್ಲಿ ಏನು ಮಾಡುತ್ತಾನೆ?" ಅಂತ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ನಾನು ಜೂನಿನಲ್ಲಿ ಅಡುಗೆಯವರ ಜತೆ ಹೋಗುತ್ತೇನೆ. ಆಟಿಯಲ್ಲಿ ಮದುವೆ ಇಲ್ಲ, ಅಡುಗೆಯೂ ಇಲ್ಲ. ಆಗ ನಾಲ್ಕು ಜನ ಸೇರಿ ತಂಡ ಕಟ್ಟಿ ಮುಂಬಯಿ, ಬೆಂಗಳೂರಿಗೆ ಹೋಗುತ್ತೇವೆ. ಅದೂ ಇಲ್ಲದಿದ್ದರೆ ಪೆರ್ಲದ ಭಾವನಂಥವರ ತೋಟದಲ್ಲಿ ಮದ್ದಿಗೆ ಹಗ್ಗ ಹಿಡಿಯುತ್ತೇನೆ. ಕಿರೀಟ ಇಟ್ಟ ತಲೆಗೆ ಮುಂಡಾಸು ಕಟ್ಟಿದರೆ ಯಾರಿಗೂ ಗುರುತು ಸಿಗುವುದಿಲ್ಲ.

ಸೊಸೈಟಿ ಕೌಂಟರ್:
ಅಣ್ಣಾ, ನಾನು ಯಾರ ಪಾತ್ರವನ್ನೂ ದುಡ್ಡು ಕೊಟ್ಟು ತೆಗೆದುಕೊಂಡಿಲ್ಲ. ನಮ್ಮ ಸಂಘದಲ್ಲಿ ಭಾಗವತರು, ಚೆಂಡೆಯವರು ಯಾವಾಗಲೂ ವೃತ್ತಿಯವರೇ. ಅವರಿಗೆ ಸಂಭಾವನೆ ಕವರಿನಲ್ಲಿ ಹಾಕಿ ಚೌಕಿಯಲ್ಲೇ ಕೊಡುತ್ತೇವೆ, ಸಾಲ ಇಡುವುದಿಲ್ಲ. ಹವ್ಯಾಸಿಗಳ ಆಟ ನಡೆಯದಿದ್ದರೆ ಆ ಕವರೂ ಇರುತ್ತಿರಲಿಲ್ಲ ಅಲ್ವಾ?

ಮೇಳದವ:
ನೀವು ಕೊಡುತ್ತೀರಿ, ಒಪ್ಪಿದೆ. ಹಾರ ಹಾಕಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಕವರು "ಆಮೇಲೆ ಕಳಿಸುತ್ತೇವೆ" ಅಂದವರ ಪಟ್ಟಿಯೂ ನನ್ನಲ್ಲಿ ಉಂಟು. ಶಾಲು ಎಷ್ಟು ಅಂತ ಹೊದೆಯುವುದು ಮಾರಾಯ್ರೇ, ನಮ್ಮದು ಸೆಕೆಯ ಊರು.

ಪೆರ್ಲದ ತೋಟ:
ಮೇಳದವರ ಮಾತಿನಲ್ಲಿ ಹುರುಳಿಲ್ಲ ಅನ್ನುವ ಹಾಗಿಲ್ಲ. ಆದರೆ ಅದಲು ಬದಲೂ ಆಗಿದೆ. ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು ಜೀವಮಾನ ಪೂರ್ತಿ ಮೇಳದ ಭಾಗವತರು, ಆದರೆ ಕೃಷಿಯನ್ನೂ ಮಾಡಿದವರು. ಕುಂಬಳೆ ಸುಂದರ ರಾಯರು ಮೇಳದಲ್ಲೇ ಹೆಸರು ಮಾಡಿ 1994ರಲ್ಲಿ ಸುರತ್ಕಲ್ಲಿನಿಂದ ಶಾಸಕರಾದರು. ಬರೀ ವೇಷದಲ್ಲೇ ಉಂಡವರು ಹಿಂದೆಯೂ ಕಮ್ಮಿ.

ಎರಡನೇ ಸಾಲಿನ ಕುರ್ಚಿ:
ಹಾಗಾದರೆ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರನ್ನು ಯಾವ ಪಟ್ಟಿಗೆ ಸೇರಿಸುವುದು? ಭಾಗವತಿಕೆ ಹವ್ಯಾಸ, ಮಠ ನಿತ್ಯದ ಕೆಲಸ. ನಡುವೆ 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸಂವಿಧಾನದ ಮೂಲ ರಚನೆಯ ತೀರ್ಪಿಗೂ ಅವರದೇ ಹೆಸರು. ಇಂಥ ಬಯೋಡಾಟಾ ಬೇರೆ ಯಾವ ಹವ್ಯಾಸಿ ಸಂಘದಲ್ಲಿ ಉಂಟು ತೋರಿಸಿ.

ಬಡಗುಮನೆ ಮಾಷ್ಟ್ರು:
ಮಾಮ, ಮೇಷ್ಟ್ರ ಕೆಲಸದ ಬಗ್ಗೆ ಯಾರೂ ಬರೆದಿಲ್ಲವಲ್ಲ, ಆಶ್ಚರ್ಯ. ತಾಳಮದ್ದಳೆಯ ಕೂಟದಲ್ಲಿ ಕಲ್ಲು ಎಸೆದರೆ ಒಬ್ಬ ಮೇಷ್ಟ್ರಿಗೆ ತಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇದು ಹೊಸದಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ಶಾಲೆಯಲ್ಲಿ ಮೇಷ್ಟ್ರು, ಮನೆಯಲ್ಲಿ ಕೃಷಿಕರು, ಜತೆಗೆ ಕವಿ. ಅರ್ಥಧಾರಿ ಡಾ. ಎಂ. ಪ್ರಭಾಕರ ಜೋಷಿಯವರು ಮಂಗಳೂರಿನಲ್ಲಿ ವಾಣಿಜ್ಯ ಕಲಿಸಿದವರು. ನಿಮ್ಮ ಬಿ.ಕಾಂ. ಹುಡುಗನಿಗೆ ಹೇಳಿ, ಡೆಬಿಟ್ ಕ್ರೆಡಿಟ್ ಗೊತ್ತಿದ್ದವರು ಅರ್ಥವನ್ನೂ ಗಟ್ಟಿಯಾಗಿ ಹೇಳಬಹುದು.

ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿಸುತ್ತೇನೆ. ಓಣಂ ರಜೆ ತಾಳಮದ್ದಳೆಯ ಹೊತ್ತಿಗೇ ಬರುತ್ತದೆ, ಏಪ್ರಿಲ್–ಮೇ ರಜೆ ಆಟದ ಹೊತ್ತಿಗೆ. ಇದಕ್ಕಿಂತ ಹೆಚ್ಚು ಏನು ಬೇಕು? ಕೆಲಸ ಸಿಗುವುದು ಮಾತ್ರ ಸುಲಭ ಅಲ್ಲ. ಬಿ.ಎಡ್. ಬೇಕು, ಪರೀಕ್ಷೆ ಬೇಕು, ಹುದ್ದೆ ಖಾಲಿ ಇರಬೇಕು, ಪಿಎಸ್‌ಸಿ (ಲೋಕಸೇವಾ ಆಯೋಗ) ಪಟ್ಟಿ ಬರುವವರೆಗೆ ತಲೆಯಲ್ಲಿ ಕೂದಲು ಉಳಿಯಬೇಕು.

ಇನ್ನೊಂದು ದಾರಿ ಹೇಳುತ್ತೇನೆ, ಇದು ಕೇರಳದಲ್ಲಿ ಮಾತ್ರ ಇರುವುದು. ನಮ್ಮ ರಾಜ್ಯದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಉಪಜಿಲ್ಲೆ, ಜಿಲ್ಲೆ, ಆಮೇಲೆ ರಾಜ್ಯ. ಗ್ರೇಸ್ ಮಾರ್ಕಿನ ಆಸೆ ಬೇರೆ. ಹಾಗಾಗಿ ಕನ್ನಡದ ಗಾಳಿಯೇ ಇಲ್ಲದ ತೆಂಕಣ ಜಿಲ್ಲೆಗಳ ಶಾಲೆಗಳೂ ತಂಡ ಕಟ್ಟುತ್ತವೆ. ಕಲಿಸಲು ಯಾರು ಬೇಕು? ಕಾಸರಗೋಡಿನವರು. ನನಗೆ ಗೊತ್ತಿರುವ ಇಬ್ಬರು ಹುಡುಗರು ಮಳೆಗಾಲ ಮುಗಿದ ಮೇಲೆ ಬ್ಯಾಗು ಹಿಡಿದು ರೈಲು ಹತ್ತುತ್ತಾರೆ. ಒಬ್ಬ ನಾಟ್ಯ ಕಲಿಸುತ್ತಾನೆ, ಇನ್ನೊಬ್ಬ ಮಾತು. ಆ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಮಲಯಾಳ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. 2019ರಲ್ಲಿ ಕಾಞಂಗಾಡಿನಲ್ಲಿ ರಾಜ್ಯ ಕಲೋತ್ಸವ ಆದಾಗ ನಾನು ಕೂತು ನೋಡಿದ್ದೇನೆ. ಅಂಥ ಒಂದು ತಂಡದ ಹುಡುಗಿ "ಎಲವೋ" ಅಂತ ಕೂಗಿದ್ದು ನಮ್ಮ ಹುಡುಗರಿಗಿಂತ ಶುದ್ಧ ಇತ್ತು. ವೇದಿಕೆಯಿಂದ ಇಳಿದ ಮೇಲೆ ನೀರು ಬೇಕು ಅಂತ ಕೇಳಲು ಅವಳಿಗೆ ಕನ್ನಡ ಬರುವುದಿಲ್ಲ.

ಕಲೋತ್ಸವಕ್ಕೆ ಕಲಿಸುವ ಆ ಮೂರು ತಿಂಗಳ ಗಳಿಕೆ ಕೆಟ್ಟದಲ್ಲ. ಉಳಿದ ಒಂಬತ್ತು ತಿಂಗಳಿಗೆ ಬೇರೆ ಏನಾದರೂ ಬೇಕು.

ಮೇಳದವ:
ಮಾಷ್ಟ್ರೇ, ಅಲ್ಲಿಯೂ ಈಗ ರೇಟು ಕಡಿಮೆ ಮಾಡಿ ಹೋಗುವವರು ಬಂದಿದ್ದಾರೆ.

ಬಡಗುಮನೆ ಮಾಷ್ಟ್ರು:
ಗೊತ್ತು. ಅವರಲ್ಲಿ ಒಬ್ಬ ನನ್ನ ಶಿಷ್ಯನೇ. ಹೇಳಿ ನೋಡಿದೆ, ಕೇಳಲಿಲ್ಲ.

ಮುಳ್ಳೇರಿಯ ಕಂಡಕ್ಟರ್:
ನಾನು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಮಾಡುವುದು ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ. ಹಗಲಿಡೀ "ಹಿಂದೆ ಹೋಗಿ, ಹಿಂದೆ ಹೋಗಿ" ಅಂತ ಮೂರು ಭಾಷೆಯಲ್ಲಿ ಕೂಗಿ ಕೂಗಿ ರಾಕ್ಷಸನ ಸ್ವರ ತಾನಾಗಿ ಬಂದಿದೆ. ಇದು ಬಿಟ್ಟಿ ಸಾಧನೆ.

ರಜೆ ಬೇಕಾದರೆ ಬದಲಿ ಕೆಲಸಗಾರನನ್ನು ನಾನೇ ಹುಡುಕಿ ಕೊಡಬೇಕು, ಆ ದಿನದ ಬಾಟಾ ಅವನಿಗೆ. ಅದಕ್ಕೂ ಒಪ್ಪಿದ್ದೇನೆ. ಆದರೆ ಮುಖದ ಮೇಲೆ ಚುಟ್ಟಿ ಇಡುವ ವೇಷ ಆದರೆ ಸಾಯಂಕಾಲವೇ ಚೌಕಿಯಲ್ಲಿ ಕೂರಬೇಕು. ಅಕ್ಕಿ ಹಿಟ್ಟಿಗೆ ಸುಣ್ಣ ಸೇರಿಸಿ ಕಡ್ಡಿಯ ತುದಿಯಲ್ಲಿ ಒಂದೊಂದೇ ಮುಳ್ಳು ಇಡುತ್ತಾ ಬರುವುದು, ಕೆಳಗಿನದ್ದು ಒಣಗದೆ ಮೇಲಿನದ್ದು ನಿಲ್ಲುವುದಿಲ್ಲ. ಮೂರ್ನಾಲ್ಕು ಗಂಟೆ ಬಾಯಿ ತೆರೆಯುವ ಹಾಗಿಲ್ಲ, ನಗುವ ಹಾಗಿಲ್ಲ. ಮಾಲಿಕರ ಫೋನ್ ಬಂದರೂ ಹೂಂ ಅನ್ನಬಹುದು ಅಷ್ಟೆ. ಹೀಗೆ ಹೂಂ ಹೂಂ ಅಂದದ್ದರಲ್ಲೇ ಒಮ್ಮೆ ಭಾನುವಾರದ ಮದುವೆ ಟ್ರಿಪ್ ಒಪ್ಪಿಕೊಂಡೆ.

ಪೆಟ್ಟಿಗೆ ಬಾಡಿಗೆ:
ಕಾಸರಗೋಡಿನ ಅರ್ಧ ಹವ್ಯಾಸಿಗಳ ಸೊಂಟದ ಸುತ್ತಳತೆ ನನಗೆ ಗೊತ್ತು. ನಾನು ವೇಷಭೂಷಣ ಬಾಡಿಗೆಗೆ ಕೊಡುವವನು. ಮೊದಲು ಟೈಲರ್ ಆಗಿದ್ದೆ, ಹವ್ಯಾಸಕ್ಕೆ ಹಾಸ್ಯ ಮಾಡುತ್ತಿದ್ದೆ. ಒಂದು ಸಂಘದ ಹರಿದ ದಗಲೆ (ವೇಷದ ಅಂಗಿ) ಹೊಲಿದು ಕೊಟ್ಟದ್ದರಿಂದ ಶುರು. ಈಗ ಟೈಲರಿಂಗ್ ಇಲ್ಲ, ಹಾಸ್ಯವೂ ಇಲ್ಲ, ಪೆಟ್ಟಿಗೆಗಳು ಮಾತ್ರ. ಹವ್ಯಾಸವನ್ನು ಕೆಲಸ ಮಾಡಿಕೊಂಡರೆ ಇದೊಂದು ನಷ್ಟ. ಆಟ ಇದ್ದ ಕಡೆಯೆಲ್ಲ ಇರುತ್ತೇನೆ, ಆಟ ನೋಡುವುದಿಲ್ಲ. ಚೌಕಿಯಲ್ಲಿ ಯಾರ ಭುಜಕೀರ್ತಿ ಯಾರ ಪೆಟ್ಟಿಗೆಗೆ ಹೋಯಿತು ಅಂತ ನೋಡುವುದೇ ಆಗುತ್ತದೆ.

ಹವ್ಯಾಸಿಗಳ ಮೇಲೆ ನನಗೆ ಒಂದು ದೂರು ಉಂಟು. ಮೇಳದವರು ವೇಷ ಬಿಚ್ಚಿದರೆ ಗಂಟು ಬಿಡಿಸಿ, ಮಡಚಿ ಇಡುತ್ತಾರೆ. ನೀವು ಎಳೆದು ಬಿಸಾಡಿ ಬೈಕ್ ಹತ್ತುತ್ತೀರಿ, ಯಾಕೆಂದರೆ 9ಕ್ಕೆ ಆಫೀಸು. ಬೆವರಿನ ಬಟ್ಟೆ ಪೆಟ್ಟಿಗೆಯಲ್ಲಿ ಹಾಗೇ ಕೂತರೆ ಮರುದಿನ ಮುಚ್ಚಳ ತೆಗೆಯುವವನು ನಾನು. ಮಣಿ ಹಾರಗಳ ನೂಲು ಬೆವರಿಗೆ ಕೊಳೆತು ಹೋಗುತ್ತದೆ. ಅದನ್ನು ಕೂತು ಪೋಣಿಸುವವಳು ನನ್ನ ಹೆಂಡತಿ.

ಉಪ್ಪಳದ ಅಕ್ಕ:
ನಮ್ಮ ತಂಡದವರು ಮಡಚಿಯೇ ಕೊಡುತ್ತೇವೆ ಅಣ್ಣಾ.

ಪೆಟ್ಟಿಗೆ ಬಾಡಿಗೆ:
ಹೌದು ಅಕ್ಕ, ಅದು ನಿಜ. ಸುಳ್ಳು ಹೇಳಬಾರದು.

ಬದಿಯಡ್ಕದ ಮಾಮ:
ಇಷ್ಟು ಜನ ಬರೆಯುತ್ತೀರಿ ಅಂತ ತಿಳಿದಿರಲಿಲ್ಲ. ಎಲ್ಲವನ್ನೂ ಹುಡುಗನಿಗೆ ಓದಿಸಿದೆ. ಬ್ಯಾಂಕು, ಆಸ್ಪತ್ರೆ, ಶಾಲೆ ಎಲ್ಲ ಬಿಟ್ಟು ಅವನಿಗೆ ಹಿಡಿಸಿದ್ದು ಪೆಟ್ಟಿಗೆಯ ಕೆಲಸ. "ಅವರಿಗೆ ಜನ ಬೇಕಾ ಕೇಳಿ" ಅಂದ. ಅಕ್ಕ ಪಿಎಸ್‌ಸಿ ಅರ್ಜಿ ಮೊದಲು ಹಾಕು ಅನ್ನುತ್ತಾಳೆ. ಕನ್ನಡ–ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆ ನಮ್ಮ ಜಿಲ್ಲೆಗೆ ಕರೆಯುತ್ತಾರಲ್ಲ, ಅದಕ್ಕೆ. ಅವನ ಮಲಯಾಳ ಓದುವಷ್ಟು ಉಂಟು, ಬರೆಯುವಷ್ಟು ಇಲ್ಲ.

ಪೆಟ್ಟಿಗೆ ಬಾಡಿಗೆ:
ಜನ ಬೇಕು. ಆದರೆ ಮೊದಲೇ ಹೇಳುತ್ತೇನೆ, ಮೊದಲ ತಿಂಗಳು ಅಂಗಳದಲ್ಲಿ ಬಟ್ಟೆ ಒಣಗಿಸುವುದು, ಪೆಟ್ಟಿಗೆ ಜೀಪಿಗೆ ಏರಿಸುವುದು. ಬಿ.ಕಾಂ. ಅಲ್ವಾ, ಬಾಕಿ ಇಟ್ಟ ಸಂಘಗಳ ಪಟ್ಟಿ ಮಾಡಿಕೊಟ್ಟರೆ ಅದೇ ದೊಡ್ಡ ಉಪಕಾರ. ವೇಷ ಮಾಡುವುದಕ್ಕೆ ನಾನು ಬೇಡ ಅನ್ನುವುದಿಲ್ಲ. ಯಾರಾದರೂ ಕೈಕೊಟ್ಟರೆ ಪುಂಡು ವೇಷಕ್ಕೆ ಒಬ್ಬ ಜತೆಗೇ ಇದ್ದರೆ ನನಗೂ ಮರ್ಯಾದೆ. ಅರ್ಜಿಯನ್ನೂ ಹಾಕಲಿ, ಪಟ್ಟಿ ಬರುವಾಗ ಹೇಗೂ ವರ್ಷಗಟ್ಟಲೆ ಆಗುತ್ತದೆ.

ಮೇಳದವ:
ಕೊಡುವ ದಿನಗೂಲಿ ಎಷ್ಟು ಅಂತ ಈಗಲೇ ಮಾತಾಡಿಕೊಳ್ಳಿ ಮಾಮ. ಕಲೆಯ ಕೆಲಸ ಅಂತ ಶಾಲು ಹೊದೆಸಿ ಕಳಿಸಬಾರದು.

ಸೊಸೈಟಿ ಕೌಂಟರ್:
ವಿಷಯ ಬೇರೆ, ಆದರೂ ಇಲ್ಲೇ ಕೇಳುತ್ತೇನೆ. ಬರುವ ಶನಿವಾರ ನಮ್ಮ ಸಂಘದ ಆಟ, ಮದ್ದಳೆಯವರಿಗೆ ಜ್ವರ. ಕುಂಬಳೆಯವರೇ, ನಿಮಗೆ ಆಗುತ್ತದಾ?

ಕುಂಬಳೆ ಪ್ಯಾಸೆಂಜರ್:
ನೈಟ್ ಡ್ಯೂಟಿ ಉಂಟು. ಬದಲಿಸಿಕೊಳ್ಳಬಹುದು, ಆದರೆ ಈ ವರ್ಷದ ಕ್ರಿಸ್‌ಮಸ್ ಆಗಲೇ ಮಾರಿ ಆಗಿದೆ. ಹೊಸ ವರ್ಷದ ರಾತ್ರಿ ಕೊಟ್ಟು ನೋಡುತ್ತೇನೆ. ಬಹುಶಃ ಬರುತ್ತೇನೆ.

ಮುಳ್ಳೇರಿಯ ಕಂಡಕ್ಟರ್:
ಅದೇ ಆಟದಲ್ಲಿ ನನಗೆ ವೇಷ ಉಂಟಲ್ಲ. 5 ಗಂಟೆಗೆ ಶುರು ಅಂತ ಹಾಕಿದ್ದೀರಿ. ನನ್ನ ಬಸ್ಸು ಸ್ಟ್ಯಾಂಡಿಗೆ ಬರುವಾಗಲೇ 7 ಕಳೆಯುತ್ತದೆ. ಬದಲಿಗೆ ಹೇಳಿದವನು ಮೈದುನನ ಮದುವೆಗೆ ಹೋಗುತ್ತಾನಂತೆ.

ಸೊಸೈಟಿ ಕೌಂಟರ್:
ಹಾಗಾದರೆ ಚುಟ್ಟಿ ಬೇಡ, ಬರೀ ಬಣ್ಣ ಬಳಿದು ಬನ್ನಿ. ನಿಮ್ಮ ಪ್ರವೇಶವನ್ನು ಎರಡನೇ ಪ್ರಸಂಗಕ್ಕೆ ಇಡುತ್ತೇನೆ, ಮಾತು ಬಸ್ಸಿನಲ್ಲೇ ನೋಡಿಕೊಳ್ಳಿ. ಭಾಗವತರಿಗೆ ನಾನು ಹೇಳುತ್ತೇನೆ.